‘ಹ್ಯಾಪಿ ಟು’ ಅಂದವರ ಪಾಡು

ಭಾನುವಾರ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಕೂತು ಇಂಗ್ಲಿಷ್ ಮಾತು ಕಲಿತವರು, ಸೋಮವಾರ ಅದನ್ನು ಸ್ವೀಡನ್ನಿನವರ ಮೇಲೆ ಪ್ರಯೋಗಿಸಿ, ಮುಂದಿನ ಭಾನುವಾರ ಮುಖ ಸಪ್ಪಗೆ ಮಾಡಿಕೊಂಡು ಬರುವುದು ಒಂದು ವಾರವೂ ತಪ್ಪಿದ್ದಿಲ್ಲ. ಮೈಸೂರಿನಲ್ಲಿ ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ಗಂಡನ ಕೆಲಸದ ಹಿಂದೆ ಸ್ವೀಡನ್ನಿನ ಕಿಸ್ಟಾಕ್ಕೆ ಬಂದವಳು ನಾನು. ಕೈಯಲ್ಲಿ ಸೀಮೆಸುಣ್ಣ ಇಲ್ಲದೆ ನನಗೆ ಇರಲಾಗದು. ಅದರ ಫಲವನ್ನು ನನಗಿಂತ ಹೆಚ್ಚಾಗಿ ನನ್ನ ಶಿಷ್ಯರು ಉಂಡಿದ್ದಾರೆ.

ಮಸಾಲೆ ಡಬ್ಬಿ

ನನ್ನ ಪಾಠದ ಸಾಮಾನು ಒಂದು ಹಳೆಯ ಮಸಾಲೆ ಡಬ್ಬಿ. ಒಂದು ಬಟ್ಟಲಲ್ಲಿ ಐ, ಹೀ, ಶೀ, ವಿ ಎಂದು ಬರೆದ ಚೀಟಿಗಳು. ಪಕ್ಕದ್ದರಲ್ಲಿ ಹ್ಯಾಪಿ, ಸಾರಿ, ರೆಡಿ, ಅಫ್ರೇಡ್. ಮೂರನೆಯದರಲ್ಲಿ ಟು ಹೆಲ್ಪ್, ಟು ಮೀಟ್, ಟು ವೇಟ್. ನಾಲ್ಕನೆಯದರಲ್ಲಿ ಯೂ, ಹಿಮ್, ಹರ್, ದೆಮ್. ಒಂದೊಂದರಿಂದ ಒಂದೊಂದು ಚೀಟಿ ತೆಗೆದು ಸಾಲಾಗಿ ಇಟ್ಟರೆ ವಾಕ್ಯ ಸಿದ್ಧ. ಐ ಆಮ್ ಹ್ಯಾಪಿ ಟು ಹೆಲ್ಪ್ ಯೂ. ‘ಇದೊಂದು ಬಾಯಿಗೆ ಬಂದ್ರೆ ಈ ದೇಶದಲ್ಲಿ ಎಲ್ಲಿ ಬೇಕಾದ್ರೂ ಬದುಕಬಹುದು’ ಎಂದು ನಾನೇ ಧೈರ್ಯ ಹೇಳುತ್ತಿದ್ದೆ.

ಒಂದು ವಿಷಯ ಮಾತ್ರ ತಡವಾಗಿ ನನ್ನ ಕಣ್ಣಿಗೆ ಬಿತ್ತು. ನೋಡಿಕೊಂಡು ಆರಿಸಿ ಎಂದರೆ ಎಲ್ಲರ ಕೈಯೂ ಹ್ಯಾಪಿ ಮತ್ತು ಸಾರಿ ಕಡೆಗೇ ಹೋಗುತ್ತಿತ್ತು. ಹ್ಯಾಪಿ ಚೀಟಿ ಸವೆದು ಸವೆದು ನಾಲ್ಕು ಸಲ ಹೊಸದು ಬರೆದೆ. ‘ಇಷ್ಟವಿಲ್ಲ’ ಎಂಬರ್ಥದ ಅನ್‌ವಿಲಿಂಗ್ ಚೀಟಿ ಬರೆದ ದಿನ ಹೇಗಿತ್ತೋ ಹಾಗೇ ಗರಿಗರಿಯಾಗಿತ್ತು. ಅದಕ್ಕೆ ಅರಿಶಿನ ಕೂಡ ಮೆತ್ತಿರಲಿಲ್ಲ.

ಬೇಸಿಗೆ ಹಬ್ಬದ ಕಾವಲುಗಾರ

ಬೆಂಗಳೂರಿನ ಒಬ್ಬ ಎಂಜಿನಿಯರ್ ನಮ್ಮ ಕ್ಲಾಸಿಗೆ ಬರುತ್ತಿದ್ದ. ಕೋಡ್ ಬರೆಯುವುದರಲ್ಲಿ ನಿಸ್ಸೀಮ, ಫಿಕಾ ಎಂಬ ಇಲ್ಲಿನ ಕಾಫಿ ವಿರಾಮದಲ್ಲಿ ಕಪ್ಪು ಹಿಡಿದು ನಾಲ್ಕು ಮಾತಾಡು ಎಂದರೆ ಬೆವರುತ್ತಿದ್ದ. ಜೂನ್ ತಿಂಗಳ ಒಂದು ಮೀಟಿಂಗಿನಲ್ಲಿ ಅವನ ಬಾಸ್, ಬೇಸಿಗೆ ಹಬ್ಬದ ವಾರ ಆಫೀಸಿನಲ್ಲಿದ್ದು ಸಿಸ್ಟಮ್ ನೋಡಿಕೊಳ್ಳುವವರು ಯಾರು ಎಂದು ಕೇಳಿದಳಂತೆ. ಸ್ವೀಡನ್ನಿನವರು ಒಬ್ಬೊಬ್ಬರಾಗಿ, ನನಗೆ ಇಷ್ಟವಿಲ್ಲ, ನಾನು ಕೆರೆಯ ಪಕ್ಕದ ಮನೆಗೆ ಹೋಗುತ್ತೇನೆ ಎಂದು ನೇರವಾಗಿ ಹೇಳಿ ಮುಗಿಸಿದರು. ಇವನ ಸರದಿ ಬಂತು. ಹೆಂಡತಿಯ ಜೊತೆ ನಾರ್ವೆಗೆ ಹೋಗಲು ಟಿಕೆಟ್ ಆಗಿತ್ತು. ಆದರೂ ಬಾಯಿ ತೆರೆದಾಗ ಬಂದದ್ದು ನಾನು ಕಲಿಸಿದ್ದೇ. ‘ಐ ಆಮ್ ಹ್ಯಾಪಿ ಟು ಡೂ ಇಟ್.’

‘ಛೆ ಛೆ, ನಿಮಗ್ಯಾಕೆ ತೊಂದ್ರೆ ಅಂತ ಒಂದು ಮಾತು ಬರುತ್ತೆ ಅಂತ ಕಾದೆ ಮೇಡಂ,’ ಎಂದ. ‘ಅವಳು ಥ್ಯಾಂಕ್ಸ್ ಅಂತ ಹೇಳಿ ಬರ್ಕೊಂಡ್ಬಿಟ್ಲು.’

ಹೆಂಡತಿ ಅಕ್ಕನ ಜೊತೆ ನಾರ್ವೆ ನೋಡಿ ಬಂದಳು. ಇವನು ಇಡೀ ವಾರ ಖಾಲಿ ಆಫೀಸಿನಲ್ಲಿ ಕೂತಿದ್ದ. ಯಾರೂ ಓಡಾಡದಿದ್ದರೆ ದೀಪ ತಾನೇ ಆರಿಹೋಗುವ ಕಟ್ಟಡ ಅದು. ಹತ್ತು ನಿಮಿಷಕ್ಕೊಮ್ಮೆ ಎದ್ದು ಎರಡೂ ಕೈ ಬೀಸುವುದೇ ಕೆಲಸವಾಯಿತು.

ನವೆಂಬರಿನಲ್ಲಿ ಬಾಸ್ ಅವನ ಮೇಜಿನ ಹತ್ತಿರ ಬಂದು ಗುಟ್ಟಿನಲ್ಲಿ ಹೇಳಿದಳಂತೆ: ‘ಬೇಸಿಗೆಯಲ್ಲಿ ನೀನು ತುಂಬ ಸಂತೋಷವಾಗಿದ್ದೆ. ಅದಕ್ಕೇ ಬೇರೆಯವರು ಕೇಳೋ ಮೊದಲೇ ಕ್ರಿಸ್‌ಮಸ್ ರಜೆಯ ಆಫೀಸ್ ಕಾವಲು ಪೂರ್ತಿ ನಿನಗೇ ತೆಗೆದಿಟ್ಟಿದ್ದೀನಿ.’

ಸಂಕೋಚದ ಹೆಣ್ಣು

ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದ ತುಮಕೂರಿನ ಅಜ್ಜಿಯೊಬ್ಬರೂ ಕ್ಲಾಸಿಗೆ ಸೇರಿದ್ದರು. ಪಕ್ಕದ ಮನೆಯಾಕೆ ಅವರನ್ನು ಕಾಫಿಗೆ ಕರೆದು, ದಾಲ್ಚಿನ್ನಿ ಬನ್ನಿನ ತಟ್ಟೆ ಮುಂದೆ ಹಿಡಿದಳು. ಅಜ್ಜಿ ಮರ್ಯಾದೆಗೆ ‘ನೋ, ನೋ’ ಎಂದರು.

‘ಇನ್ನೊಂದ್ಸಲ ಕೇಳ್ತಾಳೆ ಅಂತ ಕೂತಿದ್ದೆ ಕಣಮ್ಮ,’ ಎಂದು ನನ್ನ ಮುಂದೆ ಹೇಳಿಕೊಂಡರು. ‘ತಟ್ಟೆ ಎದ್ದು ಒಳಗೇ ಹೋಯ್ತು. ಘಮ ಮಾತ್ರ ಇಲ್ಲೇ ಉಳೀತು.’

ಮರುವಾರ ಅಜ್ಜಿ ಆಕೆಯನ್ನು ಊಟಕ್ಕೆ ಕರೆದರು. ಎರಡು ಹೋಳಿಗೆ ತಿಂದು ಆಕೆ ಸಾಕೆಂದಳು. ಅಜ್ಜಿ ಮೂರನೆಯದನ್ನು ಹಾಕಿದರು. ಬೇಡವೆಂದಳು, ತುಪ್ಪ ಬಿತ್ತು. ಕೈ ಅಡ್ಡ ಇಟ್ಟಳು, ಕೈ ಸರಿಸಿ ನಾಲ್ಕನೆಯದು ಬಿತ್ತು. ಎಲೆಯಲ್ಲಿ ಬಿಡಬಾರದೆಂದು ಯಾರೋ ಹೇಳಿದ್ದರಂತೆ, ಪಾಪ, ಎಲ್ಲವನ್ನೂ ತಿಂದಳು. ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತು, ‘ಐ ಆಮ್ ಹ್ಯಾಪಿ ಟು ಫೀಡ್ ಯೂ’ ಎಂದರು. ಆಕೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಷ್ಟೇ ಪ್ರಾಮಾಣಿಕವಾಗಿ, ‘ಐ ಆಮ್ ಅಫ್ರೇಡ್ ಟು ಕಮ್ ಅಗೇನ್’ ಎಂದಳು.

‘ನೋಡು, ಎಷ್ಟು ಸಂಕೋಚದ ಹೆಣ್ಣು,’ ಎಂದರು ಅಜ್ಜಿ. ‘ಮುಂದಿನ ಸಲ ನಾನೇ ಹೋಗಿ ಕರ್ಕೊಂಡ್ ಬರ್ತೀನಿ.’

ಎಲ್ಲದಕ್ಕೂ ಸಂತೋಷ

ನಗುವುದಕ್ಕೆ ಆಗದ ಪ್ರಸಂಗವೂ ಒಂದಿದೆ. ದಾವಣಗೆರೆಯಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿದ ಟೀಚರ್ ಒಬ್ಬಳು ಗಂಡನ ಜೊತೆ ಇಲ್ಲಿಗೆ ಬಂದು ಮೂರು ವರ್ಷದಿಂದ ಮನೆಯಲ್ಲೇ ಇದ್ದಳು. ಮತ್ತೆ ಮಕ್ಕಳ ನಡುವೆ ನಿಲ್ಲಬೇಕು ಎನ್ನುವುದೊಂದೇ ಅವಳ ಆಸೆ. ಇಂಗ್ಲಿಷಿನಲ್ಲೇ ನಡೆಯುವ ದಾಗಿಸ್‌ಗಳಿಗೆ, ಎಂದರೆ ಇಲ್ಲಿನ ಶಿಶುವಿಹಾರಗಳಿಗೆ, ಅರ್ಜಿ ಹಾಕುತ್ತಿದ್ದಳು. ಇಂಟರ್‌ವ್ಯೂಗೆ ತಯಾರು ಮಾಡಿದವಳು ನಾನು.

ಮಕ್ಕಳನ್ನು ಹಿಮದಲ್ಲಿ ಆಡಿಸುತ್ತೀರಾ? ಹ್ಯಾಪಿ ಟು. ಮಲಗಿಸುತ್ತೀರಾ? ಹ್ಯಾಪಿ ಟು. ಡಯಾಪರ್ ಬದಲಿಸುತ್ತೀರಾ? ವೆರಿ ಹ್ಯಾಪಿ ಟು. ಮೂರು ಕಡೆ ಹೀಗೇ ಹೇಳಿದಳು, ಮೂರು ಕಡೆಯೂ ಆಗಲಿಲ್ಲ. ಮೂರನೆಯವರಿಗೆ ಫೋನ್ ಮಾಡಿ ಕಾರಣ ಕೇಳಿದಳು. ಈ ದೇಶದಲ್ಲಿ ಕೇಳಿದರೆ ಹೇಳಿಬಿಡುತ್ತಾರೆ. ‘ನಿಮಗೆ ಏನು ಇಷ್ಟ, ಏನು ಕಷ್ಟ ಅಂತ ಕೊನೇವರೆಗೂ ಗೊತ್ತಾಗಲಿಲ್ಲ. ಡಯಾಪರ್ ಅಂದಾಗ ನಿಮ್ಮ ಮುಖದಲ್ಲಿದ್ದ ಆನಂದ ನೋಡಿ ನಮಗೆ ಸ್ವಲ್ಪ ಗಾಬರಿನೂ ಆಯ್ತು.’

ಇದನ್ನು ಹೇಳುತ್ತ ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ವಾಸಿಯಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ನಾವು ಸಂತೋಷವನ್ನು ಪಡುವುದಕ್ಕಿಂತ ಎದುರಿನವರಿಗೆ ಬಡಿಸುವುದೇ ಹೆಚ್ಚು. ಅವರು ಅದನ್ನು ಅರ್ಧ ಮಾತ್ರ ನಂಬಬೇಕು, ಎರಡನೇ ಸಲ ಕೇಳಬೇಕು, ನಮ್ಮ ಮುಖ ನೋಡಿ ಬೇಡದ್ದನ್ನು ತಾವೇ ಬಿಡಿಸಬೇಕು. ಇಲ್ಲಿನವರಿಗೆ ಆ ಒಪ್ಪಂದ ಗೊತ್ತಿಲ್ಲ. ಅವರು ನಾವು ಹೇಳಿದ್ದನ್ನು ಹಾಗೇ ನಂಬುತ್ತಾರೆ.

ಹ್ಯಾಪಿ ಚೀಟಿ ಎತ್ತಿಟ್ಟು, ‘ನಿನಗೆ ಏನು ಇಷ್ಟ ಇಲ್ಲ, ಹೇಳು’ ಎಂದೆ. ಅರ್ಧ ಗಂಟೆ ಯೋಚಿಸಿದಳು. ನನ್ನ ಕಾಫಿ ತಣ್ಣಗಾಯಿತು.

‘ಯಾರೂ ಕೇಳಿಲ್ಲ ಮೇಡಂ,’ ಎಂದಳು.

ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿ, ‘ನೀವು ಕೊಡೋ ಈ ತಿಳಿ ಕಾಫಿ ನಂಗೆ ಮೊದ್ಲಿಂದ್ಲೂ ಇಷ್ಟ ಇಲ್ಲ’ ಎಂದಳು.

ನಾಲ್ಕನೆಯ ದಾಗಿಸ್

ನಾಲ್ಕನೆಯ ಇಂಟರ್‌ವ್ಯೂ ಮುಗಿಸಿ ಅವಳು ನೇರ ನಮ್ಮ ಮನೆಗೇ ಬಂದಳು. ಮುಖ್ಯಸ್ಥೆ ಮತ್ತು ಇನ್ನೊಬ್ಬ ಟೀಚರ್ ಇದ್ದರಂತೆ. ಚಳಿಯಲ್ಲಿ ಹೊರಗೆ ಹೋಗುವುದು ನಿಮಗೆ ಇಷ್ಟವೇ ಎಂಬ ಪ್ರಶ್ನೆ ಬಂತು.

‘ಇಲ್ಲ ಅಂದೆ ಮೇಡಂ. ಐ ಆಮ್ ಅಫ್ರೇಡ್ ಟು ಗೋ ಔಟ್ ಅಂದೆ. ಆದ್ರೆ ಮಕ್ಳು ಹೊರಗೆ ಹೋದಾಗ ನಾನೊಬ್ಳೇ ಒಳಗೆ ಕೂರಕ್ಕಾಗಲ್ಲ, ಹೋಗ್ತೀನಿ ಅಂತಾನೂ ಅಂದೆ.’

‘ಆಮೇಲೆ?’

‘ನಮ್ಮನ್ನ ಏನಾದ್ರೂ ಕೇಳೋದಿದ್ಯಾ ಅಂದ್ರು. ಏನೂ ಹೊಳೀಲಿಲ್ಲ. ಆರ್ ಯೂ ಹ್ಯಾಪಿ ಟು ವರ್ಕ್ ಹಿಯರ್ ಅಂತ ಕೇಳ್ಬಿಟ್ಟೆ.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ನಂತರ ಪ್ರಾಮಾಣಿಕವಾಗಿ ಉತ್ತರ ಕೊಡಲು ಶುರು ಮಾಡಿದರು. ಬೆಳಗಾಗೆದ್ದರೆ ರಜೆ ಹಾಕುವ ಸಿಬ್ಬಂದಿ, ಜೋಡಿ ತಪ್ಪಿದ ಮಕ್ಕಳ ಕೈಗವಸುಗಳು, ವರ್ಷದಿಂದ ಮುಚ್ಚದ ಒಂದು ಬಾಗಿಲು. ನಲವತ್ತು ನಿಮಿಷ ಅವರು ಹೇಳಿದರು, ಇವಳು ಕೇಳಿದಳು. ನಡುವೆ ಒಮ್ಮೆ ಎದ್ದು ಅವರಿಗೆ ಕಾಫಿಯನ್ನೂ ಬಗ್ಗಿಸಿ ಕೊಟ್ಟಳಂತೆ.

ಕೆಲಸ ಹೋಯಿತೆಂದೇ ನಾವಿಬ್ಬರೂ ತೀರ್ಮಾನಿಸಿದೆವು. ಗುರುವಾರ ಅವಳು ನಮ್ಮ ಮನೆಯಲ್ಲಿದ್ದಾಗ ಫೋನ್ ಬಂತು. ನನಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಮುಖ್ಯಸ್ಥೆಯೇ ಮಾತಾಡಿದ್ದು: ಕೆಲಸ ನಿಮ್ಮದು, ಸೋಮವಾರದಿಂದ ಬರಬಹುದೇ?

ನನ್ನ ಕಣ್ಣು ತುಂಬಿ ಬಂತು. ಹೂಂ ಅನ್ನು, ಹೂಂ ಅನ್ನು ಎಂದು ಕೈಸನ್ನೆ ಮಾಡಿದೆ. ಅವಳು ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, ‘ನೋ’ ಎಂದಳು. ‘ನಾಟ್ ಮಂಡೇ. ಸೋಮವಾರ ನನ್ನ ಬಟ್ಟೆ ಒಗೆಯೋ ಸರದಿ. ಮಂಗಳವಾರ ಬರ್ತೀನಿ.’

ನಮ್ಮ ಕಟ್ಟಡಗಳಲ್ಲಿ ವಾಷಿಂಗ್ ಮೆಷಿನ್ ಇರುವುದು ನೆಲಮಾಳಿಗೆಯಲ್ಲಿ, ಎಲ್ಲರಿಗೂ ಸೇರಿ. ವಾರಗಟ್ಟಲೆ ಮೊದಲೇ ಸರದಿ ಹಿಡಿಯಬೇಕು. ಅದೆಲ್ಲ ನಿಜ. ಆದರೂ ಮೂರು ವರ್ಷ ಕಾದ ಕೆಲಸವನ್ನು ಒಂದು ಬುಟ್ಟಿ ಕೊಳೆ ಬಟ್ಟೆಗಾಗಿ ಯಾರಾದರೂ ಮುಂದೂಡುತ್ತಾರೆಯೇ? ಇಲ್ಲ ಎನ್ನಲು ಕಲಿಸಿದ ನನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದುಕೊಂಡು ತಲೆ ಮೇಲೆ ಕೈ ಹೊತ್ತು ಕೂತೆ.

ಫೋನಿನ ಆ ಕಡೆ ಮುಖ್ಯಸ್ಥೆ ದೊಡ್ಡ ಭಾರ ಇಳಿದವಳಂತೆ ನಿಟ್ಟುಸಿರು ಬಿಟ್ಟು ಹೇಳಿದಳು: ‘ಸದ್ಯ, ಒಳ್ಳೇದಾಯ್ತು. ನಿಮಗೋಸ್ಕರ ನಾನೂ ಸೋಮವಾರ ನನ್ನ ಬಟ್ಟೆ ಒಗೆಯೋ ಸರದಿ ಬಿಟ್ಟುಕೊಡಬೇಕಾಗಿತ್ತು.’