ಅಕ್ಷರದ ಹೊಟ್ಟೆ ನೋಡುವ ಮಾವ

ನಮ್ಮ ಸೋದರಮಾವನನ್ನು ನೀವು ಯಾವ ಮದುವೆಗೆ ಬೇಕಾದರೂ ಕರೆಯಿರಿ, ಆದರೆ ಛತ್ರದ ಬಾಗಿಲಲ್ಲಿರುವ ಫ್ಲೆಕ್ಸ್‌ಗೆ ಮೊದಲು ಒಂದು ಬೆಡ್‌ಶೀಟ್ ಹೊದಿಸಿಬಿಡಿ! ಇಲ್ಲವಾದರೆ ಅವರು ಒಳಗೆ ಬರುವುದಿಲ್ಲ. ಕುಣಿಗಲ್ಲಿನಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಗಂಡಿನ ತಂದೆ ಪಾಪ, ಕೈ ಮುಗಿದುಕೊಂಡು ಬಂದು, "ಊಟಕ್ಕೆ ಏಳಿ ಯಜಮಾನ್ರೆ" ಎಂದರು.

"ಊಟ ಇರ್ಲಿ ಬುಡಿ. ನಿಮ್ ಮಗನ ಹೆಸ್ರು ಯಾರ್ ಬರ್ದಿದ್ದು? ಒಂದಕ್ಷರಕ್ಕೂ ಹೊಟ್ಟೆ ಸರಿಯಾಗಿಲ್ಲ!"

"ಕಂಪ್ಯೂಟರ್‌ನೋರು ಬರ್ದವ್ರೆ."

"ಅವ್ರನ್ನ ಕರೀರಿ ಇಲ್ಲಿ!"

ಕಂಪ್ಯೂಟರಿನವರು ಬರಲಿಲ್ಲ, ಇವರೂ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಒಳಗೆ ಬರುವಷ್ಟರಲ್ಲಿ ಹೋಳಿಗೆ ಮುಗಿದು ಎಲೆ ಎತ್ತುತ್ತಿದ್ದರು. ಅನ್ನ ತಿಳಿಸಾರು ಉಂಡು ಮನೆಗೆ ಬಂದೆವು.

ಮಾವ ತುಮಕೂರಿನಲ್ಲಿ ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವರು. ಅಕ್ಷರದ ನೆತ್ತಿಯ ಮೇಲಿನ ಆ ಪುಟ್ಟ ಗೀಟಿಗೆ ತಲೆಕಟ್ಟು ಎನ್ನುತ್ತಾರೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತು, ಶಾಲೆಯಲ್ಲೇ ಬಿಟ್ಟು ಬಂದೆವು. ಮಾವ ಅಲ್ಲಿಂದ ಕೆಳಕ್ಕಿಳಿಯುತ್ತಾರೆ. ಕತ್ತು, ಭುಜ, ಹೊಟ್ಟೆ, ಸೊಂಟ, ಬಾಲ! 'ದ'ಗೆ ಕತ್ತು ಗಿಡ್ಡವಾಗಬಾರದು. 'ಳ'ಗೆ ಬಾಲ ಉದ್ದವಾದರೆ ಪಕ್ಕದವರಿಗೆ ತೊಂದರೆ. 'ಬ' ಮಾತ್ರ ಉಂಡು ಕೂತ ಯಜಮಾನನ ಹಾಗೆ ದುಂಡಗಿರಬೇಕು. ಇಂಥ ಮನುಷ್ಯ ಎರಡು ವರ್ಷದಿಂದ ಬ್ರಷ್ ಮುಟ್ಟಿರಲಿಲ್ಲ. ಮತ್ತೆ ಮುಟ್ಟಿಸಲೇಬೇಕು ಎಂಬುದು ನನ್ನ ಹಟ.

ಕೇಳಿದಾಗಲೆಲ್ಲ ಒಂದೊಂದು ನೆಪ. ಒಂದು ದಿನ ಮಂಡಿ ನೋವು, ಇನ್ನೊಂದು ದಿನ ಕಣ್ಣು ಮಂಜು. ಮತ್ತೊಂದು ದಿನ, "ಈಗಿನ ಪೇಂಟು ಬರೀ ನೀರು ಕಣವ್ವಾ." ಫ್ಲೆಕ್ಸ್ ಬಂದು ಕೆಲಸ ಹೋಗಿದ್ದಕ್ಕೇ ಹೀಗಾಗಿದ್ದಾರೆ ಎಂದು ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು. ಆದರೆ ಕಣ್ಣು ಮಂಜಾದವರು ಬೀದಿಯಾಚೆಯ ಅಕ್ಷರದ ಸೊಂಟ ಸೊಟ್ಟಗಿದೆ ಎಂದು ಹೇಗೆ ಹೇಳುತ್ತಾರೆ? ಅದನ್ನು ಕೇಳುವ ಧೈರ್ಯ ಯಾರಿಗಿತ್ತು!

ಒಮ್ಮೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿದ್ದೆವು. ತುಮಕೂರಿನ ಬಸ್ಸು ಬಂತು. ಹಣೆಯ ಮೇಲೆ ಕೆಂಪು ದೀಪದ ಅಕ್ಷರಗಳು ಸರಸರ ಓಡುತ್ತಿದ್ದವು. "ಹತ್ತು ಮಾವ, ಹೊರಡ್ತದೆ!" ಎಂದೆ.

"ನೋಡವ್ವಾ, ಅಕ್ಷರಾನ ಹೆಂಗ್ ಓಡಿಸ್ಕೊಂಡ್ ಹೋಯ್ತಾವ್ರೆ! ಒಂದ್ ಗಳಿಗೆ ನಿಂತ್ಕೊಳಕ್ಕೆ ಬುಡಬಾರ್ದಾ ಅದ್ನ?"

ಬಸ್ಸು ಹೋಯಿತು. ಎರಡನೆಯದೂ ಹೋಯಿತು. ಅಷ್ಟರಲ್ಲಿ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಹೆಲಿಕಾಪ್ಟರ್ ಒಂದು ತಲೆಯ ಮೇಲೇ ಹಾರಿ ಬಂತು. ಸ್ಟ್ಯಾಂಡಿನಲ್ಲಿದ್ದ ಜನವೆಲ್ಲ ಮೇಲೆ ನೋಡಿದರೆ ಮಾವ ಒಬ್ಬರೇ ಎದುರಿನ ಬಟ್ಟೆ ಅಂಗಡಿಯ ಬೋರ್ಡು ನೋಡಿ ಲೊಚಗುಟ್ಟುತ್ತಿದ್ದರು. ಮೂರನೆಯ ಬಸ್ಸಿಗೆ ಕೈಯಲ್ಲಿ ಬರೆದ ಹಳೆಯ ತಗಡಿನ ಬೋರ್ಡಿತ್ತು. ಖುಷಿಯಿಂದ ಹತ್ತಿದರು. ಸೀಟಿರಲಿಲ್ಲ. ತುಮಕೂರಿನವರೆಗೂ ನಿಂತೇ ಬಂದೆವು. ಅಕ್ಷರದ ಪ್ರೀತಿ ಅವರದು, ಕಾಲು ನೋವು ನನ್ನದು!

ಕಳೆದ ವರ್ಷ ಗುಬ್ಬಿಯಲ್ಲಿ ನಾನೊಂದು ಗಾಣದ ಎಣ್ಣೆ ಅಂಗಡಿ ಹಾಕಿದೆ. ಬೋರ್ಡು ಬರೆದುಕೊಡು ಎಂದರೆ ಮತ್ತೆ ಮಂಡಿ ನೋವು. "ಹಂಗಾದ್ರೆ ಫ್ಲೆಕ್ಸೇ ಮಾಡಿಸ್ತೀನಿ ಬಿಡು ಮಾವ, ಹೊಟ್ಟೆ ಗಿಟ್ಟೆ ಹೆಂಗಾರ ಇರ್ಲಿ" ಎಂದೆ. ಅಷ್ಟೇ! ಮಾರನೆಯ ಬೆಳಿಗ್ಗೆ ಮೊದಲನೆಯ ಬಸ್ಸಿಗೇ ಬ್ರಷ್ಷಿನ ಡಬ್ಬ ಹಿಡಿದು ಅಂಗಡಿ ಮುಂದೆ ಹಾಜರು. ಬಸ್ಸಿನ ಬೋರ್ಡು ಯಾವುದಿತ್ತೋ, ನಾನು ಕೇಳಲಿಲ್ಲ.

ನೀಲಿ ತಗಡಿನ ಮೇಲೆ ಹಳದಿಯಲ್ಲಿ 'ಗಾ' ಬರೆದರು. 'ಣ' ಬರೆದರು. ಅಲ್ಲಿಗೆ ಬ್ರಷ್ ನಿಂತಿತು. ಏಣಿಯ ಮೇಲಿಂದ ತಿರುಗಿ ರಸ್ತೆಯ ಆಚೆ ಬದಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಆದರೂ ನೋಡುತ್ತಲೇ ಇದ್ದರು.

"ಯಾಕ್ ಮಾವ?"

"ಏಣಿ ಮೇಲ್ ನಿಂತೋನಿಗೆ ಅಕ್ಷರ ಪೂರ್ತಿ ಕಾಣಲ್ಲ ಕಣವ್ವಾ. ಆ ಕಡೆ ನಿಂತ್ ನೋಡಿ ಹೇಳೋರು ಬೇಕು. ನಿಮ್ಮತ್ತೆ ನಿಂತ್ಕೊಳೋಳು."

ಅತ್ತೆ ಹೋಗಿ ಎರಡು ವರ್ಷ. ಮಾವ ಬ್ರಷ್ ಬಿಟ್ಟೂ ಎರಡೇ ವರ್ಷ. ನಾವು ಮಾತ್ರ ಫ್ಲೆಕ್ಸನ್ನು ಬೈದುಕೊಂಡು ಓಡಾಡಿದ್ದೆವಲ್ಲ! ಓದು ಬರಹ ಬಾರದ ಅತ್ತೆ, ಬಿಸಿಲಲ್ಲಿ ಸೆರಗು ತಲೆಗೆ ಹೊದ್ದು ರಸ್ತೆಯಾಚೆ ನಿಂತು, ಅಕ್ಷರಗಳ ಆಕಾರ ನೋಡಿಯೇ ತಪ್ಪು ಹೇಳುತ್ತಿದ್ದರಂತೆ. ತುಮಕೂರಿನ ಅರ್ಧ ಪೇಟೆ ಅವರ ಕಣ್ಣಿನ ಅಳತೆಯಲ್ಲೇ ಬರೆದದ್ದು.

ನಾನು ರಸ್ತೆ ದಾಟಿ ನಿಂತೆ. "ಈಗ ಹೇಳು, ಹೊಟ್ಟೆ ಹೆಂಗೈತೆ?" ಎಂದು ಮಾವ ಕೂಗಿದರು.

ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ನನಗೆ ಕಂಡದ್ದು ಒಂದು ಮುದ್ದಾದ 'ಣ' ಅಷ್ಟೇ. "ಚೆನ್ನಾಗೈತೆ ಮಾವ!"

ಮಾವನ ಮುಖ ಇಳಿದುಹೋಯಿತು. "ಅವ್ಳು ಒಂದಿನಾನೂ ಚೆನ್ನಾಗೈತೆ ಅಂದೋಳಲ್ಲ ಕಣವ್ವಾ" ಎಂದು ಬಟ್ಟೆ ತೆಗೆದು ಆ ಹಸಿ ಅಕ್ಷರವನ್ನು ಒರೆಸಿಬಿಟ್ಟರು.

ಮತ್ತೆ ಬರೆದರು. ಮತ್ತೆ ಚೆನ್ನಾಗೈತೆ ಎಂದೆ. ಮತ್ತೆ ಒರೆಸಿದರು. ನನಗೆ ಅಳು ಬಂತು. ಅತ್ತೆ ಬೇಕು ಅನ್ನಿಸಿತು, ಅವರ ಆ ಗೊಣಗಾಟದ ಸಮೇತ.

ಮೂರನೆಯ ಸಲ ಬರೆದು ಮಾವ ತಿರುಗಿದಾಗ ಸೆರಗಲ್ಲಿ ಕಣ್ಣೊರೆಸಿಕೊಂಡು ಜೋರಾಗಿ ಕೂಗಿದೆ. "ಏನೂ ಚೆನ್ನಾಗಿಲ್ಲ! ಎಡಗಡೆ ಹೊಟ್ಟೆ ಇಳಿದೈತೆ!"

"ಎಷ್ಟು?"

"ಒಂದ್ ಎಳೆಯಷ್ಟು!"

"ಹಂಗನ್ನು ಮತ್ತೆ!" ಎಂದು ಮಾವ ಬ್ರಷ್ಷನ್ನು ಬಣ್ಣಕ್ಕೆ ಅದ್ದಿದರು.