ವಿಂಡ್ ಟನಲ್‌ನಲ್ಲಿ ಮಲಗುವ ಬೆಕ್ಕಿನವರ ಸನ್ನಿಧಾನಕ್ಕೆ

ಗೆ,
ಬೂದುಬಣ್ಣದ ಬೆಕ್ಕಿನವರು,
ವಿಂಡ್ ಟನಲ್ ಒಳಭಾಗ (ಸದ್ಯಕ್ಕೆ ಮುಖ್ಯಸ್ಥರ ಕುರ್ಚಿ),
ಮೆಕ್ಯಾನಿಕಲ್ ವಿಭಾಗ.

ಮಾನ್ಯರೇ,

ತಮ್ಮ ಮೀಸೆಗೂ ನಾಲ್ಕು ಪಾದಗಳಿಗೂ ವಿಶೇಷವಾಗಿ ತಮ್ಮ ಬಾಲಕ್ಕೂ ಇದೇ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿಯಾದ ನಾನು ತಲೆಬಾಗಿ ಸಲ್ಲಿಸುವ ವಂದನೆಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ಬೀಳಲಿಲ್ಲ. ತಾವು ಮುಖ್ಯಸ್ಥರ ಕುರ್ಚಿಯಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿರುವುದನ್ನೂ, ಮುಖ್ಯಸ್ಥರು ಪಕ್ಕದಲ್ಲೊಂದು ಸ್ಟೂಲು ಹಾಕಿಕೊಂಡು ಸದ್ದಾಗದಂತೆ ಕಾಗದಗಳಿಗೆ ಸಹಿ ಹಾಕುತ್ತಿರುವುದನ್ನೂ ಈಗಷ್ಟೇ ಬಾಗಿಲ ಸಂದಿಯಿಂದ ಕಣ್ಣಾರೆ ಕಂಡು ಬಂದಿದ್ದೇನೆ. ನಮ್ಮ ಕ್ಷೇಮವನ್ನು ತಾವು ವಿಚಾರಿಸುವುದಿಲ್ಲವೆಂದು ಗೊತ್ತಿರುವುದರಿಂದ ನಾನೇ ಹೇಳಿಕೊಳ್ಳುತ್ತೇನೆ: ಚೆನ್ನಾಗಿಲ್ಲ. ನಾಳೆ ಬೆಳಗ್ಗೆ ಹೊರಗಿನ ಪರೀಕ್ಷಕರು ಬರುತ್ತಾರೆ, ಅವರ ಕಣ್ಣೆದುರು ನಮ್ಮ ಪ್ರಾಜೆಕ್ಟನ್ನು ನಡೆಸಿ ತೋರಿಸಬೇಕು, ತಾವು ಬಂದು ಒಳಗೆ ಮಲಗದಿದ್ದರೆ ನಾನೂ ನನ್ನ ಜೊತೆಗಾರನೂ ಫೇಲಾಗುತ್ತೇವೆ, ಫೇಲಾದರೆ ಇನ್ನೊಂದು ವರ್ಷ ಇದೇ ಕಟ್ಟಡ. ಆದ್ದರಿಂದ ಈ ಮನವಿ.

ಇದನ್ನು ಬಹಿರಂಗವಾಗಿ ಬರೆದು ಲ್ಯಾಬಿನ ಬಾಗಿಲಿಗೆ ಅಂಟಿಸುತ್ತಿರುವುದಕ್ಕೆ ದಯವಿಟ್ಟು ತಪ್ಪು ತಿಳಿಯಬಾರದು. ಖಾಸಗಿಯಾಗಿ ತಮ್ಮ ಕಿವಿಯ ಬಳಿ ಕುಳಿತು ಹೇಳಿಕೊಂಡ ಮಾತನ್ನೆಲ್ಲ ತಾವು ಆ ಕಿವಿಯನ್ನು ಒಂದೇ ಸಲ ಅಲುಗಿಸಿ ಉದುರಿಸಿಬಿಟ್ಟಿದ್ದೀರಿ.

ನಾವು ಎಂಥ ಸ್ಥಿತಿಯಲ್ಲಿ ತಮ್ಮ ಪಂಜಕ್ಕೆ ಸಿಕ್ಕಿಬಿದ್ದೆವೆಂಬುದು ತಮಗೆ ತಿಳಿದಿರಲಿ. ಬೆಳಗ್ಗೆ ಹಾಸ್ಟೆಲಿನ ಬಚ್ಚಲಿನ ಸಾಲಿನಲ್ಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಅಸೈನ್‌ಮೆಂಟು ಬರೆದು, ಒಂದು ಕೈಯಲ್ಲಿ ಡ್ರಾಯಿಂಗ್ ಶೀಟಿನ ಸುರುಳಿಯನ್ನೂ ಇನ್ನೊಂದರಲ್ಲಿ ಬ್ರೆಡ್ಡನ್ನೂ ಹಿಡಿದು ಓಡುತ್ತ ಅವಸರಕ್ಕೆ ಬ್ರೆಡ್ಡಿನ ಬದಲು ಶೀಟನ್ನೇ ಕಚ್ಚಿ, ಕ್ಲಾಸಿನಿಂದ ವರ್ಕ್‌ಶಾಪಿಗೆ, ವರ್ಕ್‌ಶಾಪಿನಿಂದ ಪ್ರಿಂಟು ತೆಗೆಸುವ ಅಂಗಡಿಯ ಸಾಲಿಗೆ, ಅಲ್ಲಿಂದ ಟೆಸ್ಟಿಗೆ, ಟೆಸ್ಟಿನಿಂದ ಮತ್ತೆ ರೆಕಾರ್ಡು ಬರೆಯಲಿಕ್ಕೆ ಎಂದು ಎಡತಾಕುವ ಈ ಬದುಕಿನಲ್ಲಿ ನಿದ್ದೆಯೆಂಬುದು ಬೇರೆಯವರ ಮನೆಯ ಸುದ್ದಿಯಂತೆ ಕಿವಿಗೆ ಬೀಳುವ ಪದಾರ್ಥವಾಗಿದೆ. ಗೇಟಿನಲ್ಲಿ ಹಾಜರಿ ಹಾಕುವ ಕ್ಯಾಮೆರಾ ನನ್ನನ್ನು ಗುರುತಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಕಾಲೇಜಿಗೆ ಸೇರಿದ ದಿನ ತೆಗೆದ ಫೋಟೋದಲ್ಲಿ ನನ್ನ ಕಣ್ಣುಗಳು ಪೂರ್ತಿ ತೆರೆದಿದ್ದವಂತೆ, ಆದ್ದರಿಂದ ಈಗಿನ ಈ ಮುಖ ನನ್ನದಲ್ಲವಂತೆ. ದಿನವೂ ಕಚೇರಿಗೆ ಹೋಗಿ ನಾನು ನಾನೇ ಎಂದು ಬರೆದುಕೊಟ್ಟು ಬರುತ್ತೇನೆ.

ಇಂಥದ್ದರ ನಡುವೆ ನಾವು ಕೈಗೆತ್ತಿಕೊಂಡ ಪ್ರಾಜೆಕ್ಟು ಲಾರಿಯ ಬಾಲ. ಓಡುವ ಲಾರಿಯನ್ನು ಗಾಳಿ ಹಿಂದಕ್ಕೆಳೆಯುತ್ತದೆ, ಅದರ ಬೆನ್ನಿಗೆ ಸರಿಯಾದ ಆಕಾರದ ಪ್ಲಾಸ್ಟಿಕ್ ಬಾಲವೊಂದನ್ನು ಸಿಕ್ಕಿಸಿದರೆ ಆ ಎಳೆತ ಕಡಿಮೆಯಾಗಿ ಡೀಸೆಲ್ ಉಳಿಯುತ್ತದೆ ಎಂಬುದು ನಮ್ಮ ವಾದ. ಅದಕ್ಕಾಗಿ ಮರದಲ್ಲೊಂದು ಪುಟ್ಟ ಲಾರಿ ಕೆತ್ತಿ, ವಿಂಡ್ ಟನಲ್ ಎಂದು ಕರೆಸಿಕೊಳ್ಳುವ, ತಾವು ತಮ್ಮ ಮಲಗುವ ಕೋಣೆಯೆಂದು ಬಲ್ಲ ಆ ಉದ್ದನೆಯ ಪೆಟ್ಟಿಗೆಯಲ್ಲಿ ಅದನ್ನು ನಿಲ್ಲಿಸಿ, ಟೇಬಲ್ ಫ್ಯಾನಿಗಿಂತ ಕೊಂಚ ಜೋರಾದ ಗಾಳಿ ಹಾಯಿಸಿ ಎಳೆತವನ್ನು ಅಳೆಯುತ್ತಿದ್ದೆವು. ಉದ್ದ ಬಾಲ ಹಾಕಿದರೂ ಎಳೆತ ಹೆಚ್ಚಿತು, ಗಿಡ್ಡ ಬಾಲ ಹಾಕಿದರೂ ಹೆಚ್ಚಿತು, ಬೇಸತ್ತು ಬಾಲವನ್ನು ತಲೆಕೆಳಗಾಗಿ ಸಿಕ್ಕಿಸಿದರೆ ಇನ್ನೂ ಹೆಚ್ಚಿತು. ನಮಗೆ ಪ್ರಾಜೆಕ್ಟು ಮಾಡಿಸುವ ಗೈಡ್ ಮೇಡಂ ನಮ್ಮ ಗ್ರಾಫನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಅಲ್ಲಮ್ಮಾ, ನಿಮ್ಮ ಬಾಲ ಹಾಕಿದ್ರೆ ಲಾರಿ ನಿಂತಲ್ಲೇ ಡೀಸೆಲ್ ಕುಡಿಯುತ್ತೆ" ಎಂದು ನಿಟ್ಟುಸಿರು ಬಿಟ್ಟರು.

ಹೀಗಿರುವಾಗ ಒಂದು ಮಧ್ಯಾಹ್ನ ಎಳೆತ ಇದ್ದಕ್ಕಿದ್ದಂತೆ ದಬಕ್ಕನೆ ಇಳಿಯಿತು. ನನ್ನ ಜೊತೆಗಾರ, ಅಂದರೆ ಗಣಿತದ ಪರೀಕ್ಷೆಗೂ ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡೇ ಹೋಗುವುದರಿಂದ ಸ್ಪ್ಯಾನರ್ ಎಂದೇ ಹೆಸರಾದವನು, ಜೇಬುಗಳೆಲ್ಲ ಝಣಝಣ ಎನ್ನುವಂತೆ ಕುಣಿದ. ನಾವು ಮತ್ತೆ ಮತ್ತೆ ಅಳೆದೆವು, ಮತ್ತೆ ಮತ್ತೆ ಅದೇ ಬಂತು. ಮೇಡಂ ಓಡಿ ಬಂದು ನೋಡಿ ನಿಂತಲ್ಲೇ ಸಹಿ ಹಾಕಿ ನಮಗಿಬ್ಬರಿಗೂ ಚಹಾ ಕೊಡಿಸಿದರು, ಮುಖ್ಯಸ್ಥರು ಯಾರಿಗೋ ಫೋನು ಮಾಡಿ ನಮ್ಮ ಹುಡುಗರು ಸಾಧಿಸಿಬಿಟ್ಟರೆಂದು ಹೇಳಿದರು. ಚಹಾ ಕುಡಿದು ಬಂದು ಲಾರಿಯನ್ನು ಹೊರತೆಗೆಯಲು ಪೆಟ್ಟಿಗೆಯ ಬಾಗಿಲು ತೆರೆದರೆ, ಮಾನ್ಯರೇ, ಲಾರಿಯ ಹಿಂದೆ ತಾವು. ಆ ಪೆಟ್ಟಿಗೆಯ ಗಾಜು ತಲೆಮಾರುಗಳ ಒರೆಸಾಟಕ್ಕೆ ಮಬ್ಬಾಗಿ ಒಳಗೇನಿದೆಯೆಂದು ಕಾಣುವುದಿಲ್ಲ, ಬಾಗಿಲಿನ ಚಿಲಕವೂ ಕೂರುವುದಿಲ್ಲ, ಇಡೀ ಕಟ್ಟಡದಲ್ಲಿ ತಂಪಾದ ಗಾಳಿ ಆಡುವ ಜಾಗ ಅದೊಂದೇ ಎಂಬುದನ್ನು ನಮಗಿಂತ ಮೊದಲು ತಾವು ಕಂಡುಹಿಡಿದಿದ್ದಿರಿ. ನಮ್ಮನ್ನು ನೋಡಿ ಒಂದು ಆಕಳಿಕೆ ತೆಗೆದು ಮಗ್ಗುಲಾದಿರಿ.

ಬಾಯಿ ಮುಚ್ಚಿಕೊಂಡು ಇರಬಹುದಿತ್ತು ಎಂದು ತಾವು ಕೇಳಬಹುದು. ಇರಬಹುದಿತ್ತು, ಆದರೆ ಸುಳ್ಳು ಹೇಳಬೇಕಾದಾಗಲೆಲ್ಲ ಸ್ಪ್ಯಾನರನಿಗೆ ಬಿಕ್ಕಳಿಕೆ ಬರುತ್ತದೆ. ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಒಪ್ಪಿಸಿದೆವು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಬೆಕ್ಕಿದ್ರೆ ಕಡಿಮೆ, ಇಲ್ದಿದ್ರೆ ಜಾಸ್ತಿ, ಅಷ್ಟೇ ತಾನೆ? ಹಾಗಾದ್ರೆ ಬೆಕ್ಕೇ ನಿಮ್ಮ ಡಿಸೈನು. ಹೋಗಿ ಹಾಗೇ ಬರೀರಿ" ಎಂದುಬಿಟ್ಟರು. ವಿಜ್ಞಾನದಲ್ಲಿ ಇಷ್ಟು ನಂಬಿಕೆಯಿಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅಲ್ಲಿಂದ ಮುಂದಕ್ಕೆ ತಮ್ಮ ಏಳಿಗೆಯನ್ನು ಕಂಡು ನನ್ನ ಹೊಟ್ಟೆ ಉರಿದದ್ದು ಅಷ್ಟಿಷ್ಟಲ್ಲ. ಪ್ರಾಜೆಕ್ಟಿನ ಹೆಸರು 'ಸರಕು ವಾಹನದ ಹಿಂಬದಿಯಲ್ಲಿ ಮಲಗಿದ ಬೆಕ್ಕಿನ ಪರಿಣಾಮಗಳ ಅಧ್ಯಯನ' ಎಂದಾಯಿತು. ತಮ್ಮನ್ನು ಲ್ಯಾಬಿನ ಉಪಕರಣವೆಂದು ಪರಿಗಣಿಸಲಾಗಿ, ಉಪಕರಣವೆಂದ ಮೇಲೆ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೆಂಬ ಪ್ರಮಾಣಪತ್ರ ಬೇಕೇಬೇಕೆಂದು ಸ್ಟೋರಿನವರು ಪಟ್ಟು ಹಿಡಿದರು, ಕೊನೆಗೆ ತಾವು ಅವರ ಮೇಜಿನ ಮೇಲಿದ್ದ ಜಿರಲೆಯೊಂದನ್ನು ಹಿಡಿದು ತೋರಿಸಿದ ಮೇಲೆ ಸುಮ್ಮನಾದರು. ತಮ್ಮ ಮುನ್ನೋಟ, ಮೇಲ್ನೋಟ, ಪಕ್ಕನೋಟಗಳನ್ನು ನಾನು ಸೊಂಟ ಬೀಳುವಂತೆ ಬಗ್ಗಿ ಶೀಟಿನ ಮೇಲೆ ಬಿಡಿಸಿಕೊಟ್ಟೆ, ಡ್ರಾಯಿಂಗ್ ಮೇಷ್ಟರು ಅದಕ್ಕೆ ಕೆಂಪು ಗೆರೆ ಎಳೆದು, "ಒಳಗೆ ಕಾಣದೇ ಇರೋ ಭಾಗಾನ ತುಂಡುಗೆರೇಲಿ ತೋರಿಸ್ಬೇಕು ಅಂತ ಮೊದಲನೇ ವರ್ಷದಲ್ಲೇ ಹೇಳಿಕೊಟ್ಟಿಲ್ವೇನಮ್ಮಾ?" ಎಂದು ವಾಪಸ್ಸು ಕೊಟ್ಟರು. ತಮ್ಮ ಒಳಗಿನ ಭಾಗಗಳನ್ನು ನಾನು ಇಂದಿಗೂ ಅಂದಾಜಿನ ಮೇಲೆಯೇ ಬಿಡಿಸುತ್ತಿದ್ದೇನೆ. ಇಷ್ಟರ ಮೇಲೆ ಗೇಟಿನ ಕ್ಯಾಮೆರಾ, ನನ್ನನ್ನು ಕಂಡರಾಗದ ಅದೇ ಕ್ಯಾಮೆರಾ, ತಾವು ಬಾಲವೆತ್ತಿ ಒಳನಡೆದಾಗಲೆಲ್ಲ ಟಿಂಗ್ ಎಂದು ಹಸಿರು ದೀಪ ಹೊತ್ತಿಸಿ ಬರಮಾಡಿಕೊಳ್ಳುತ್ತದೆ. ಹಾಜರಿಯಲ್ಲಿ ತಾವು ನಮ್ಮ ಕ್ಲಾಸಿಗೇ ಮೊದಲು.

ಇದೆಲ್ಲವನ್ನೂ ನಾನು ನುಂಗಿಕೊಂಡೆ. ನುಂಗಲಾಗದ್ದು ತಾವು ಆಮೇಲೆ ಕೈಕೊಟ್ಟದ್ದು. ನಮ್ಮ ತಪ್ಪಿದ್ದರೆ ಒಂದೇ: ತಮಗೆ ಮರ್ಯಾದೆ ಮಾಡಲು ಹೋದೆವು. ವಿಂಡ್ ಟನಲ್ ಒಳಗೆ ಮೆತ್ತನೆಯ ದಿಂಬು ಹಾಸಿ, ಬಟ್ಟಲಲ್ಲಿ ಹಾಲಿಟ್ಟು, ಸ್ಪ್ಯಾನರ್ ತನ್ನ ಉಣ್ಣೆಯ ಟೋಪಿಯನ್ನೂ ತಮ್ಮ ಕಾಲ ಕೆಳಗೆ ಹರವಿ ಕಾದೆವು. ತಾವು ಬಂದಿರಿ, ಮೂಸಿದಿರಿ, ಹಾಲು ಕುಡಿದಿರಿ, ಹೊರಟುಹೋದಿರಿ. ಅಂದಿನಿಂದ ತಾವು ಈ ಕಟ್ಟಡದಲ್ಲಿ ಮಲಗದ ಜಾಗವೆಂದರೆ ಅದೊಂದೇ. ನಾನು ಬರೆಯಬೇಕಾದ ರೆಕಾರ್ಡಿನ ಮೇಲೆ ಮಲಗಿದಿರಿ, ಅದೂ ಬರೆಯಬೇಕಾದ ಪುಟವನ್ನೇ ಹುಡುಕಿ ಮಲಗಿದಿರಿ. ತಮ್ಮ ಬದಲಿಗೆ ನಾವು ದಿಂಬನ್ನು ಸುತ್ತಿಟ್ಟು ನೋಡಿದೆವು, ಸ್ವೆಟರಿನೊಳಗೆ ಕಾಲುಚೀಲ ತುಂಬಿ ನೋಡಿದೆವು, ಜೇಡಿಮಣ್ಣಿನಲ್ಲಿ ತಮ್ಮ ಪ್ರತಿಮೆಯನ್ನೇ ಮಾಡಿ, ಅದು ಆಲೂಗಡ್ಡೆಯಂತಾದರೂ ಬಿಡದೆ ಒಳಗಿಟ್ಟು ನೋಡಿದೆವು. ಎಳೆತ ಎಳ್ಳಷ್ಟೂ ಇಳಿಯಲಿಲ್ಲ. ತಾವು ಉಸಿರಾಡುವಾಗ ಹೊಟ್ಟೆ ಏರಿ ಇಳಿಯುವ ಲಯದಲ್ಲೇ ಏನೋ ಇದೆ ಎಂದು ಸ್ಪ್ಯಾನರ್ ಹೇಳುತ್ತಾನೆ. ಈಗ ಅವನು ತಾನೇ ನೆಲದ ಮೇಲೆ ಮುದುಡಿ ಮಲಗಿ ಆ ಲಯದಲ್ಲಿ ಉಸಿರಾಡುವುದನ್ನು ಕಲಿಯುತ್ತಿದ್ದಾನೆ, ಪೆಟ್ಟಿಗೆಯೊಳಗೆ ಅವನ ತಲೆಯೊಂದೇ ಹಿಡಿಸುವುದೆಂದು ಹೇಳಲು ನನಗೆ ಮನಸ್ಸು ಬರುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ತಾವು ನಾಳೆ ಬೆಳಗ್ಗೆ ಕ್ಲಾಸುಗಳು ಶುರುವಾಗುವ ಹೊತ್ತಿಗೆ ದಯಮಾಡಿಸಿ, ಲಾರಿಯ ಹಿಂದೆ ಆವತ್ತಿನಂತೆಯೇ ಮುದುಡಿ, ಬಾಲವನ್ನು ಎಡಗಡೆಯಿಂದ ಸುತ್ತಿ ಮೂಗಿನ ತುದಿಗೆ ತಾಗಿಸಿ, ಹೊಟ್ಟೆಯ ಗಾತ್ರ ರಿಪೋರ್ಟಿನಲ್ಲಿ ಬರೆದದ್ದಕ್ಕಿಂತ ಹೆಚ್ಚಾಗದಂತೆ ಇಂದಿನ ಊಟವನ್ನು ಹಿತಮಿತವಾಗಿ ಮಾಡಿ, ಫ್ಯಾನು ಶುರುವಾದ ಮೇಲೆ ಎಂಥ ನೊಣ ಹಾದುಹೋದರೂ ಕ್ಯಾರೇ ಅನ್ನದೆ ನಿದ್ರಿಸುವ ಕೃಪೆ ಮಾಡಬೇಕು. ಬರಲಾಗದಿದ್ದಲ್ಲಿ ತಮ್ಮದೇ ಅಳತೆಯ, ತಮ್ಮದೇ ಸ್ವಭಾವದ ಬಂಧುಗಳೊಬ್ಬರನ್ನು ಒಪ್ಪಿಗೆ ಪತ್ರದೊಂದಿಗೆ ಕಳುಹಿಸಿದರೂ ನಡೆದೀತು. ಪರೀಕ್ಷಕರು ತಮ್ಮನ್ನು ಪ್ರಶ್ನೆ ಕೇಳಿದರೆ ಗಾಬರಿಯಾಗುವುದು ಬೇಡ. ಕಣ್ಣು ಕಿರಿದು ಮಾಡಿ ಕಿಟಕಿಯ ಕಡೆ ನೋಡಿದರೆ ಸಾಕು, ನಮ್ಮ ಕ್ಲಾಸಿನ ಬಹುಪಾಲು ಜನ ಹಾಗೆ ಮಾಡಿಯೇ ಇಲ್ಲಿಯವರೆಗೆ ಬಂದಿದ್ದಾರೆ.

ಇಷ್ಟು ಬರೆದ ಮೇಲೆ ನಿಜ ಹೇಳಿಬಿಡುತ್ತೇನೆ, ನನಗೆ ಭಯವಾಗುತ್ತಿದೆ. ಅಮ್ಮ ಊರಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ನಿನ್ನೆ ಫೋನಿನಲ್ಲಿ, "ಇನ್ನೇನು ಮುಗೀತಲ್ಲ ಕಂದಾ, ಬಂದು ಒಂದು ವಾರ ಮಲಗು, ಯಾರೂ ಎಬ್ಬಿಸಲ್ಲ" ಎಂದಳು. ಬೆಳಗಿನ ಬಿಸಿಲು ನನ್ನ ಮುಖಕ್ಕೆ ಬೀಳಬಾರದೆಂದು ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹೊಲಿದು ತೂಗುಹಾಕಿದ್ದಾಳಂತೆ. ಅವಳಿಗೆ ನಾನು ಇನ್ನೂ ಒಂದು ವರ್ಷ ಬರುವುದಿಲ್ಲವೆಂದು ಹೇಗೆ ಹೇಳಲಿ, ಯಾಕೆಂದು ಕೇಳಿದರೆ ಬೆಕ್ಕು ಬರಲಿಲ್ಲವೆಂದು ಯಾವ ಬಾಯಲ್ಲಿ ಹೇಳಲಿ? ತಾವು ಈ ಕಟ್ಟಡದಲ್ಲಿ ನಿದ್ದೆ ಬಂದಾಗ ಮಲಗುವ ಏಕೈಕ ಜೀವಿ. ಆ ಕಲೆಯಲ್ಲಿ ತಮ್ಮ ಮುಂದೆ ನಾನು ಏನೇನೂ ಅಲ್ಲ. ನಾಳೆ ಒಂದು ದಿನ, ಒಂದೇ ಒಂದು ದಿನ, ದಯವಿಟ್ಟು ನಾವು ಹೇಳಿದ ಜಾಗದಲ್ಲಿ ಮಲಗಿರಿ.

ವಿಶ್ವಾಸವೊಂದನ್ನು ಬಿಟ್ಟು ಕೈಯಲ್ಲಿ ಬೇರೇನೂ ಉಳಿಯದ,
ತಮ್ಮ ವಿಶ್ವಾಸಿ,
ಲಾರಿಯ ಬಾಲದ ಹುಡುಗಿ

ತಾ.ಕ.: ನಿನ್ನೆ ಅಂಟಿಸಿದ ಈ ಪತ್ರವನ್ನು ಕಿತ್ತುಹಾಕುವ ಮೊದಲು ಇಷ್ಟನ್ನು ಸೇರಿಸುತ್ತಿದ್ದೇನೆ. ಇಂದು ತಾವು ಬಂದಿರಿ, ಹೊತ್ತಿಗೆ ಸರಿಯಾಗಿಯೇ ಬಂದಿರಿ, ತಮಗಾಗಿ ತೆರೆದಿಟ್ಟಿದ್ದ ಪೆಟ್ಟಿಗೆಯ ಬಾಗಿಲನ್ನು ತಿರುಗಿಯೂ ನೋಡದೆ ನೇರ ಹೋಗಿ ಪರೀಕ್ಷಕರ ತೊಡೆ ಏರಿ ಸುತ್ತಿಕೊಂಡು ಮಲಗಿಬಿಟ್ಟಿರಿ. ಸ್ಪ್ಯಾನರ್ ಫ್ಯಾನಿನ ಸ್ವಿಚ್ಚು ಒತ್ತಲು ಹೋದರೆ ಪರೀಕ್ಷಕರು ಪಿಸುದನಿಯಲ್ಲಿ, "ಏಯ್ ಏಯ್, ಬೇಡಪ್ಪಾ, ಸದ್ದಾಗುತ್ತೆ, ಪಾಪ ಈಗ ತಾನೇ ಕಣ್ಣು ಮುಚ್ಚಿದೆ" ಎಂದರು. ಎದ್ದು ಬಂದರೆ ತಮಗೆ ಎಚ್ಚರವಾದೀತೆಂದು ಅವರು ವಿಂಡ್ ಟನಲ್ ಹತ್ತಿರವೂ ಸುಳಿಯಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ, ಕೂತಲ್ಲಿಗೇ ರಿಪೋರ್ಟು ತರಿಸಿಕೊಂಡು, ತಮ್ಮ ಬೆನ್ನಿನ ಮೇಲೆಯೇ ಮೆಲ್ಲಗೆ ಅದನ್ನಿಟ್ಟು, ಪಾಸೆಂದು ಸಹಿ ಹಾಕಿಕೊಟ್ಟರು. ಅಮ್ಮನಿಗೆ ಫೋನು ಮಾಡಿ ಹೇಳಿದಾಗ ಅವಳು ಅತ್ತೇಬಿಟ್ಟಳು, "ಅಂತೂ ಇಷ್ಟು ವರ್ಷ ನಿದ್ದೆಗೆಟ್ಟಿದ್ದಕ್ಕೂ ಸಾರ್ಥಕವಾಯ್ತು ನೋಡು" ಎಂದಳು. ನಾನು ಹೌದಮ್ಮಾ ಎಂದೆ. ತಾವು ಪಕ್ಕದಲ್ಲೇ ಇದ್ದಿರಿ, ಅವಳ ಮಾತು ಸ್ಪೀಕರಿನಲ್ಲಿ ತಮಗೂ ಕೇಳಿಸಿತು, ಆದರೂ ತುಟಿಪಿಟಕ್ಕೆನ್ನದೆ ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸಿದ್ದಕ್ಕಾಗಿ ತಮಗೆ ನಾನು ಋಣಿ.