ಇಪ್ಪತ್ತು ಎಣಿಕೆ

ಎಮಿಲ್ ಹುಡಾಕ್ ಬಾಯಿ ಮುಚ್ಚಿಕೊಂಡು ತಿಂದಿದ್ದರೆ ಆ ಶನಿವಾರ ಸುಸೂತ್ರವಾಗಿ ಕಳೆದುಹೋಗುತ್ತಿತ್ತು. ಆದರೆ ಡೊಲೊರೆಸ್ ಬೆಣ್ಣೆಯಲ್ಲಿ ಹುರಿದ, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬಾಯಲ್ಲಿರುವಾಗ ಯಾವ ಗಂಡಸಿಗೂ ತಾನು ಹೇಳಿದ್ದೇ ಸರಿ ಅನ್ನಿಸಿಬಿಡುತ್ತದೆ.

ಬ್ರೇಕರ್ ಹಿಲ್ ಊರಿನ ಲ್ಯಾಂಟರ್ನ್ಸ್ ಡ್ರಮ್ ದಳದಲ್ಲಿ ಎಪ್ಪತ್ತು ಜನ. ವಾರವೆಲ್ಲ ನರ್ಸು, ಮೇಷ್ಟ್ರು, ಲಾರಿ ಡ್ರೈವರು. ವಾರದ ಕೊನೆಗೆ ಡ್ರಮ್ಮು, ಕಹಳೆ ಹೊತ್ತು ಫುಟ್‌ಬಾಲ್ ಮೈದಾನದ ತುಂಬ ಹಿಂದೆ ಮುಂದೆ ನಡೆಯುತ್ತ ಹನ್ನೊಂದು ನಿಮಿಷ ನುಡಿಸಿ, ಬೇರೆ ಊರಿನ ದಳಗಳ ಜತೆ ಸ್ಪರ್ಧೆಗೆ ಇಳಿಯುವವರು. ಸೇರಲು ವಯಸ್ಸಿನ ಕಟ್ಟುಪಾಡಿಲ್ಲ. ಎಮಿಲ್‌ನ ಹೆಂಡತಿ ಬರ್ನಡೀನ್ ಐವತ್ನಾಲ್ಕರಲ್ಲೂ ಮೆಲೊಫೋನ್ ಕಹಳೆ ಊದುತ್ತಿದ್ದಳು. ಮಂಡಿ ಸವೆದಿದ್ದರಿಂದ ಇದೇ ಅವಳ ಕೊನೆಯ ಬೇಸಿಗೆ. ಇದೇ ಬೇಸಿಗೆಯಲ್ಲೇ ಮೊದಲ ಸಲ ಒಬ್ಬಳೇ ನುಡಿಸುವ ಭಾಗವೂ ಅವಳಿಗೆ ಸಿಕ್ಕಿತ್ತು.

ಎಮಿಲ್ ಕಹಳೆಯವನೂ ಅಲ್ಲ, ಡ್ರಮ್ಮಿನವನೂ ಅಲ್ಲ, ಗಡಿಯಾರದವನು. ಈ ವರ್ಷದ ಪ್ರದರ್ಶನದ ಕತೆ ಕಾಲ ನಿಂತುಹೋಗುವುದರ ಬಗ್ಗೆ. ಅದಕ್ಕೆಂದು ಅವನೇ ತನ್ನ ಗ್ಯಾರೇಜಿನಲ್ಲಿ ಹದಿನಾಲ್ಕು ಅಡಿಯ ಮರದ ಗಡಿಯಾರ ಮಾಡಿಕೊಟ್ಟಿದ್ದ. ಮುಂದೆ ಮುಳ್ಳುಗಳು, ಹಿಂದೆ ಮನುಷ್ಯನಷ್ಟು ದೊಡ್ಡ ಹಲ್ಲುಚಕ್ರಗಳು. ಆಟದ ನಡುವೆ ದಳದ ನಾಲ್ವರು ಬಂದು ಹಿಂಭಾಗ ಜನರ ಕಡೆ ಬರುವಂತೆ ಅದನ್ನು ತಿರುಗಿಸುತ್ತಾರೆ. ಆ ಕ್ಷಣ ಎಲ್ಲರೂ ನಿಂತಲ್ಲೇ ಕಲ್ಲಾಗುತ್ತಾರೆ. ಇಪ್ಪತ್ತು ಎಣಿಕೆ ಸದ್ದಿಲ್ಲ, ಚಲನೆಯಿಲ್ಲ. ಆಮೇಲೆ ಬರ್ನಡೀನ್ ಒಬ್ಬಳೇ ಊದಲು ಶುರುಮಾಡುತ್ತಾಳೆ. ಗಡಿಯಾರ ತಳ್ಳಿಕೊಂಡು ಹೋಗಿ ನಿಲ್ಲಿಸುವ ಕೆಲಸವೂ ಅದನ್ನು ಕಟ್ಟಿದವನ ಕುತ್ತಿಗೆಗೇ ಬಿತ್ತು. ತಳ್ಳುವವರು ಮೈದಾನದ ಹಿಂಬದಿಯ ಗೆರೆಯಾಚೆ ಕಾಯಬೇಕು. ಹೀಗಾಗಿ ಎಮಿಲ್ ಇಡೀ ಬೇಸಿಗೆ ಹೆಂಡತಿಯ ಬೆನ್ನನ್ನು ಮಾತ್ರ ನೋಡಿದ್ದ.

ಇವತ್ತು ಹಾಗಲ್ಲ. ಇವತ್ತು ಊರಲ್ಲೇ ಸ್ಪರ್ಧೆ. ತಳ್ಳಲು ಡೊಲೊರೆಸ್ ಒಪ್ಪಿದ್ದಳು. ಗ್ಯಾಲರಿಯ ನಟ್ಟನಡುವೆ ಒಂದು ಸೀಟಿನ ಟಿಕೆಟ್ ಎಮಿಲ್‌ನ ಜೇಬಿನಲ್ಲಿತ್ತು.

ಬೆಳಿಗ್ಗೆ ದಳಕ್ಕೆ ಊಟ ಹಾಕುವ ಅಡುಗೆ ಡೇರೆಯಲ್ಲಿ ಮಾಮೂಲಿ ಜಗಳ ನಡೆದಿತ್ತು: ಪ್ರದರ್ಶನದಲ್ಲಿ ಎಲ್ಲಕ್ಕಿಂತ ಕಷ್ಟ ಯಾವುದು?

"ಡ್ರಮ್ಮು" ಎಂದರು ಚೆಟ್ ಲೂಯಿಸ್. ಎಂಬತ್ತರ ಅಜ್ಜ, ಹಿಂದೆ ಇದೇ ದಳದಲ್ಲಿ ಡ್ರಮ್ಮು ಬಾರಿಸಿದವರು. "ಒಂಬತ್ತು ಜನರ ಕೋಲು ಒಂದೇ ಕೈಯಿಂದ ಬಿದ್ದ ಹಾಗೆ ಬೀಳ್ಬೇಕು. ಮಿಕ್ಕಿದ್ದೆಲ್ಲ ವಾಕಿಂಗು."

"ನಿಮ್ಮ ತಲೆ" ಎಂದಳು ಡೊಲೊರೆಸ್. ಅವಳ ಮಗ ದಳದಲ್ಲಿ ಟ್ಯೂಬಾ ಊದುತ್ತಾನೆ. "ಮೂವತ್ತು ಪೌಂಡ್ ಹಿತ್ತಾಳೆ ಹೆಗಲ ಮೇಲೆ ಹೊತ್ಕೊಂಡು, ಹಿಂದಕ್ಕೆ ನಡೀತಾ, ಮಗು ಮಲಗ್ಸೋ ಹಾಗೆ ಮೆತ್ತಗೆ ಊದಿ ನೋಡಿ. ಜೋರಾಗಿ ಬಾರ್ಸೋದು ಯಾರ್ ಬೇಕಾದ್ರೂ ಮಾಡ್ತಾರೆ."

"ಎರಡೂ ಕಷ್ಟವೇ" ಎಂದ ಎಮಿಲ್ ನಾಲ್ಕನೇ ಪಿರೋಗಿ ಬಾಯಿಗೆ ಹಾಕಿಕೊಳ್ಳುತ್ತ. "ನಂಗೆ ಅರ್ಥ ಆಗ್ದೇ ಇರೋದು ಆ ಇಪ್ಪತ್ತು ಎಣಿಕೆ. ಸುಮ್ನೆ ನಿಂತ್ಕೊಳ್ಳೋದ್ರಲ್ಲಿ ಏನಿದೆ ಕಷ್ಟ? ನಾನು ಬ್ಯಾಂಕಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ನಿಲ್ತೀನಿ. ಅದಕ್ಕೂ ಮಾರ್ಕ್ಸ್ ಕೊಡ್ತಾರಂತೆ."

ಡೊಲೊರೆಸ್ ಕಣ್ಣಲ್ಲೇ ಅವನ ಹಿಂದಕ್ಕೆ ತೋರಿಸಿದಳು. ಎಮಿಲ್ ತಿರುಗಿ ನೋಡಿದ. ಬರ್ನಡೀನ್ ಕಾಫಿ ಲೋಟ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು.

"ಆ ಇಪ್ಪತ್ತು ಎಣಿಕೆ ಆದ್ಮೇಲೆ ಮೊದಲ ಸ್ವರ ನಂದು" ಎಂದಳು. "ಅಷ್ಟು ಹೊತ್ತು ತುಟಿ ಒಣಗುತ್ತೆ, ಎದೆ ಹೊಡ್ಕೊಳ್ಳುತ್ತೆ, ನುಂಗೋ ಹಾಗಿಲ್ಲ. ನೀನು ಇಡೀ ಬೇಸಿಗೆ ನನ್ ಬೆನ್ನು ನೋಡಿದೀಯ ಎಮಿಲ್. ಸಂಜೆ ಮುಂದ್ಗಡೆ ಕೂತು ನನ್ ಮುಖ ನೋಡು. ಆಮೇಲೆ ಬಂದು ಮಾತಾಡು."

ಅಷ್ಟು ಹೇಳಿ ಹೋದಳು. ಎಮಿಲ್‌ಗೆ ಐದನೇ ಪಿರೋಗಿ ರುಚಿಸಲಿಲ್ಲ, ಆದರೂ ತಿಂದ.

ಇಷ್ಟಕ್ಕೇ ಬಿಟ್ಟರೆ ಅದು ಅಡುಗೆ ಡೇರೆ ಹೇಗಾದೀತು? ಚೆಟ್ ಮರದ ಸೌಟು ತೆಗೆದುಕೊಂಡು ಪಾತ್ರೆಯ ಮುಚ್ಚಳ ಹತ್ತಿರಕ್ಕೆ ಎಳೆದುಕೊಂಡರು. "ನಿಂತ್ಕೋ ಅಯ್ಯಾ, ನೋಡೋಣ. ಒಂದು, ಎರಡು..."

ಎಮಿಲ್ ಎದೆ ಸೆಟೆಸಿ ನಿಂತ. ಏಳನೇ ಎಣಿಕೆಗೆ ನೊಣವೊಂದು ಮೀಸೆಯ ಬೆಣ್ಣೆಯ ಮೇಲೆ ಕೂತಿತು. ಎಂಟನೆಯದಕ್ಕೆ ಅವನು ತನ್ನ ಮುಖಕ್ಕೆ ತಾನೇ ಬಾರಿಸಿಕೊಂಡ.

"ನೊಣ ಲೆಕ್ಕಕ್ಕಿಲ್ಲ" ಎಂದ.

"ಮೈದಾನದಲ್ಲಿ ನೊಣ ಇರಲ್ವಾ?" ಎಂದಳು ಡೊಲೊರೆಸ್. "ಮೀಸೆ ಒರಸ್ಕೊಂಡು ಇನ್ನೊಂದ್ಸಲ ನಿಲ್ಲು."

ಎರಡನೇ ಸಲ ಹದಿನಾಲ್ಕರವರೆಗೆ ಬಂದ. ಆಗ ಡೊಲೊರೆಸ್ ಯಾರಿಗೋ ಹೇಳುವವಳಂತೆ "ಅಲ್ಲಿ ಯಾರ್ದೋ ನೀಲಿ ವ್ಯಾನು ತಾನಾಗೇ ಹಿಂದಕ್ಕೆ ಹೋಗ್ತಿದೆ" ಎಂದಳು. ಎಮಿಲ್ ಡೇರೆಯ ಹಗ್ಗ ಎಡವಿಕೊಂಡು ಓಡಿದ. ಅವನ ನೀಲಿ ವ್ಯಾನು ನಿಲ್ಲಿಸಿದಲ್ಲೇ ನೆಮ್ಮದಿಯಾಗಿ ನಿಂತಿತ್ತು.

ಸುದ್ದಿ ಹರಡಲು ನೀರು ಕುಡಿಯುವ ಒಂದು ಬಿಡುವು ಸಾಕಾಯಿತು. ಮಧ್ಯಾಹ್ನ ಅವನು ಎಲೆಕೋಸು, ಶಾವಿಗೆ ಬೆರೆಸಿ ಹುರಿದ ಹಲುಸ್ಕಿ ಬಡಿಸುವಾಗ ಟ್ಯೂಬಾದವರು ಸಾಲಾಗಿ ಬಂದು ತಟ್ಟೆ ಚಾಚಿ "ಒಂದು, ಎರಡು" ಎಂದು ಶುರುಮಾಡಿದರು. ಹಟಕ್ಕೆ ಬಿದ್ದು ಅಲ್ಲಾಡದೆ ನಿಂತದ್ದಕ್ಕೆ ಸೌಟಿನ ಹಲುಸ್ಕಿ ಜಾರಿ ಅವನ ಶೂ ಮೇಲೆ ಬಿತ್ತು. ಕೆಳಗೆ ನೋಡಿದ್ದಕ್ಕೆ ಅದೂ ಸೋಲೆಂದೇ ತೀರ್ಮಾನವಾಯಿತು. ಮೂರು ಗಂಟೆಯ ಹೊತ್ತಿಗೆ ಅವನ ಹೆಸರು ಎಮಿಲ್ ಎಂಬುದನ್ನು ಎಲ್ಲರೂ ಮರೆತಿದ್ದರು. "ಏನಯ್ಯಾ ಇಪ್ಪತ್ತು, ಸ್ವಲ್ಪ ಕಾಫಿ ಹಾಕು" ಎನ್ನುತ್ತಿದ್ದರು.

ಎಮಿಲ್ ಎಲ್ಲವನ್ನೂ ನುಂಗಿಕೊಂಡ. ಸಂಜೆ ಸೀಟಿನಲ್ಲಿ ಕೂತು ಹೆಂಡತಿಯ ಮುಖ ನೋಡಿಬಿಟ್ಟರೆ ಸಾಕು, ತಪ್ಪಾಯಿತು ಎಂದು ಹೇಳಲೂ ಸಿದ್ಧನಿದ್ದ. ಮನೆಗೆ ಹೋಗಿ ಸ್ನಾನ ಮಾಡಿ, ಅವಳಿಗೆ ದೂರದಿಂದಲೂ ಕಾಣಲೆಂದು ಹೊಸ ಹಳದಿ ಅಂಗಿ ತೊಟ್ಟು ಬಂದ.

ಏಳು ಗಂಟೆಗೆ ದಳ ಮೈದಾನಕ್ಕೆ ಇಳಿಯಿತು. ಎಮಿಲ್ ಆಗಷ್ಟೇ ಸೀಟಿನಲ್ಲಿ ಕೂತು ಕಾಲು ಚಾಚಿದ್ದ. ಅಷ್ಟರಲ್ಲಿ ಗಡಿಯಾರ ಮೈದಾನದ ನಡುವೆ ಗಕ್ಕನೆ ನಿಂತು ಒಂದು ಕಡೆಗೆ ವಾಲಿತು. ಡೊಲೊರೆಸ್ ಎರಡೂ ಕೈ ಎತ್ತಿ ಗ್ಯಾಲರಿಯ ಕಡೆ ಬೀಸಿದಳು. ಎಡಗಾಲಿಯ ಪಿನ್ನು ಜಾರಿತ್ತು. ಅದರ ಮರ್ಮ ಗೊತ್ತಿದ್ದವನು ಲೋಕದಲ್ಲಿ ಒಬ್ಬನೇ.

ಎಮಿಲ್ ಇಪ್ಪತ್ತೆರಡು ಸಾಲು ಇಳಿದು ಓಡಿದ. ಡೊಲೊರೆಸ್ ಕೈಗಿತ್ತ ಸ್ಪ್ಯಾನರ್ ಹಿಡಿದು ಗಡಿಯಾರದ ಹಿಂಭಾಗದಿಂದ ಒಳಗೆ ನುಗ್ಗಿ, ಹಲ್ಲುಚಕ್ರಗಳ ನಡುವೆ ಮಂಡಿಯೂರಿ ಪಿನ್ನು ಕೂರಿಸಿದ. ಎದ್ದು ನಿಂತಾಗ ಡೊಲೊರೆಸ್ ಗೆರೆಯಾಚೆ ಸೇರಿಬಿಟ್ಟಿದ್ದಳು. ಧ್ವನಿವರ್ಧಕ ದಳದ ಹೆಸರು ಕೂಗಿತು. ಮೊದಲ ಪೆಟ್ಟು ಬಿತ್ತು.

ಆಟ ಶುರುವಾದ ಮೇಲೆ ಹೊರಗಿನವನು ಮೈದಾನದಲ್ಲಿ ಓಡಿದರೆ ದಳಕ್ಕೆ ಅಂಕ ಕಡಿತ. ಎಮಿಲ್ ಯೋಚಿಸಿದ: ಇಲ್ಲೇ ಒಳಗೆ ನಿಂತರೆ ಮುಂದಿನವರಿಗೆ ಕಾಣುವುದಿಲ್ಲ, ಹನ್ನೊಂದು ನಿಮಿಷ ತಾನೇ? ಯೋಚನೆ ಸರಿಯಾಗಿಯೇ ಇತ್ತು. ಐದನೇ ನಿಮಿಷದಲ್ಲಿ ನಾಲ್ವರು ಬಂದು ಗಡಿಯಾರಕ್ಕೆ ಕೈಹಚ್ಚಿದಾಗಲೇ ಅವನಿಗೆ ನೆನಪಾದದ್ದು, ಅದು ತಿರುಗುತ್ತದೆ. ತಿರುಗುವ ಹಾಗೆ ಮಾಡಿದವನೂ, ಸಲೀಸಾಗಿ ತಿರುಗಲೆಂದು ಬೆಳಿಗ್ಗೆ ಗ್ರೀಸು ಬಳಿದವನೂ ಅವನೇ.

ಗಡಿಯಾರ ಬೆಣ್ಣೆಯಂತೆ ತಿರುಗಿತು. ನಾಲ್ಕು ಸಾವಿರ ಜನರೆದುರು, ದೀಪಗಳ ಬೆಳಕಿನಲ್ಲಿ, ಹಳದಿ ಅಂಗಿಯ ಎಮಿಲ್ ಹುಡಾಕ್ ಸ್ಪ್ಯಾನರ್ ಎತ್ತಿ ಹಿಡಿದು ನಿಂತಿದ್ದ. ಮೈದಾನ ಕಲ್ಲಾಯಿತು.

ಹತ್ತು ಹೆಜ್ಜೆ ಮುಂದೆ ಬರ್ನಡೀನ್ ನಿಂತಿದ್ದಳು, ಅವನಿಗೆ ಬೆನ್ನು ಮಾಡಿ. ತಾನು ಅಲ್ಲಾಡಿದರೆ ಜನ ನಗುತ್ತಾರೆ, ಆ ನಗುವಿನ ಮೇಲೆ ಅವಳ ಮೊದಲ ಸ್ವರ ಬೀಳುತ್ತದೆ. ಎಮಿಲ್ ಅಲ್ಲಾಡಲಿಲ್ಲ. ಆರಕ್ಕೆ ಬೆವರು ಕಣ್ಣಿಗಿಳಿಯಿತು. ಹತ್ತಕ್ಕೆ ಎತ್ತಿದ ಕೈ ಸೀಸದಷ್ಟು ಭಾರವಾಯಿತು. ಹದಿಮೂರಕ್ಕೆ ತನ್ನ ಎದೆ ಹೊಡೆದುಕೊಳ್ಳುವುದು ಕೊನೆಯ ಸಾಲಿಗೂ ಕೇಳುತ್ತಿದೆ ಎನ್ನಿಸಿತು. ಇಷ್ಟು ಕಷ್ಟದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಹತ್ತೊಂಬತ್ತಕ್ಕೆ ಅವಳ ಭುಜ ಮೆಲ್ಲನೆ ಏರಿತು. ಆಮೇಲೆ ಸ್ವರ ಬಂತು, ತುಂಬಿದ ಲೋಟದ ನೀರು ಚೆಲ್ಲದ ಹಾಗೆ. ಎಮಿಲ್‌ಗೆ ಅಳು ಬಂತು, ಅದನ್ನೂ ತಡೆದುಕೊಂಡ.

ಪ್ರದರ್ಶನ ಮುಗಿದ ಮೇಲೆ ಅವನು ಬಸ್ಸಿನ ಹಿಂದೆ ಹೋಗಿ ಕೂತ. ಬರ್ನಡೀನ್ ಹುಡುಕಿಕೊಂಡು ಬಂದಳು.

"ಕಷ್ಟ ಕಣೇ" ಎಂದ ಎಮಿಲ್. "ಬೆಳಿಗ್ಗೆ ಅಂದದ್ದು ತಪ್ಪಾಯ್ತು."

"ನನ್ ಮುಖ ನೋಡಿದ್ಯಾ?"

"ಇಲ್ಲ. ಬೆನ್ನೇ."

ಅವಳು ನಕ್ಕು ಅವನ ಮೀಸೆಗೆ ಅಂಟಿದ್ದ ಗ್ರೀಸು ಒರೆಸಿದಳು. "ಇರ್ಲಿ ಬಿಡು. ಇನ್ನೂ ಮೂರು ಪ್ರದರ್ಶನ ಇವೆ. ಮುಂದಿನ ವಾರ ಕೂತ್ಕೋ."

ಅಷ್ಟರಲ್ಲಿ ಪ್ರದರ್ಶನ ಹೆಣೆದ ಗ್ಯಾರೆಟ್ ಓಡಿ ಬಂದ. ಇಪ್ಪತ್ತೆಂಟರ ತರುಣ, ನಿದ್ದೆಯಲ್ಲೂ ಎಣಿಸುವವನು. ತೀರ್ಪುಗಾರರು ಆಟ ನೋಡುತ್ತಲೇ ತಮ್ಮ ಮಾತು ಧ್ವನಿಮುದ್ರಣ ಮಾಡಿ ಕೊಡುವ ಪದ್ಧತಿ. ಅದನ್ನು ಫೋನಿನಲ್ಲಿ ಹಾಕಿ ಎಮಿಲ್‌ನ ಕಿವಿಗೆ ಹಿಡಿದ. ಗಂಭೀರ ಧ್ವನಿಯೊಂದು ಹೇಳುತ್ತಿತ್ತು: "ಆಹಾ, ನಿಂತ ಗಡಿಯಾರದೊಳಗೆ ಸಿಕ್ಕಿಬಿದ್ದ ರಿಪೇರಿಯವನು. ಎತ್ತಿದ ಕೈ ಕೂದಲೆಳೆಯಷ್ಟೂ ಅಲ್ಲಾಡ್ತಿಲ್ಲ. ಇಡೀ ಪ್ರದರ್ಶನದಲ್ಲೇ ಅತಿ ಕಷ್ಟದ ಕೆಲಸ ಇದು. ಇವರನ್ನ ಬಿಟ್ಟುಬಿಡಬೇಡಿ."

"ನಾವು ಮೊದಲನೇ ಸ್ಥಾನ ಮಿಸ್ಟರ್ ಹುಡಾಕ್" ಎಂದ ಗ್ಯಾರೆಟ್. "ನಿಮ್ಮ ಹೆಸರು ದಳಕ್ಕೆ ಬರೆಸಿಬಿಟ್ಟೆ. ಉಳಿದ ಮೂರಕ್ಕೂ ನೀವೇ ಗಡಿಯಾರದೊಳಗೆ. ನಾಳೆ ಎಂಟಕ್ಕೆ ಅಭ್ಯಾಸ. ಹದಿಮೂರಕ್ಕೆ ಒಂಚೂರು ಕಣ್ಣು ಮಿಟುಕಿಸಿದ್ರಿ, ಅದನ್ನ ಸರಿಮಾಡೋಣ."

ಎಮಿಲ್ ಹೆಂಡತಿಯ ಕಡೆ ನೋಡಿದ. ಅವಳು ನಗು ತಡೆಯಲು ಕಹಳೆಯ ಬಾಯಿಗೆ ಮುಖ ಒತ್ತಿಕೊಂಡಿದ್ದಳು. ಹಾಗಾಗಿ ಆಗಲೂ ಅವಳ ಮುಖ ಅವನಿಗೆ ಸರಿಯಾಗಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಸುಡುವ ಬಿಸಿಲಿನಲ್ಲಿ ಎಮಿಲ್ ಸ್ಪ್ಯಾನರ್ ಎತ್ತಿ ಹಿಡಿದು ಗಡಿಯಾರದೊಳಗೆ ನಿಂತಿದ್ದ. ಎದುರಿಗೆ ಬರ್ನಡೀನ್‌ಳ ಬೆನ್ನು. ಗ್ಯಾರೆಟ್ ಎಣಿಸುತ್ತಿದ್ದ. ಏಳಕ್ಕೆ ನೊಣ ಬಂದು ಮೀಸೆಯ ಮೇಲೆ ಕೂತಿತು. ಪಕ್ಕದ ಅಡುಗೆ ಡೇರೆಯಲ್ಲಿ ಮಾಮೂಲಿ ಜಗಳ ಆಗಲೇ ಕಾವೇರಿತ್ತು. ಬಾಯಿ ತುಂಬ ಪಿರೋಗಿ ತುಂಬಿಕೊಂಡ ಚೆಟ್ ಲೂಯಿಸರ ದನಿ ಎಮಿಲ್‌ಗೆ ಸ್ಪಷ್ಟವಾಗಿ ಕೇಳಿಸಿತು.

"ಡ್ರಮ್ಮು ಕಷ್ಟ ಅಂತೀನಿ, ಟ್ಯೂಬಾನೂ ಕಷ್ಟ ಅಂತ ಬೇಕಾದ್ರೆ ಒಪ್ಕೋತೀನಿ. ಆದ್ರೆ ಆ ಎಮಿಲ್ ಮಾಡೋದ್ರಲ್ಲಿ ಏನಿದೆ ಹೇಳು? ಸುಮ್ನೆ ನಿಂತಿರ್ತಾನೆ."

ಎಮಿಲ್‌ಗೆ ಹೇಳಲು ಬೇಕಾದಷ್ಟಿತ್ತು. ಆದರೆ ಗ್ಯಾರೆಟ್ ಇನ್ನೂ ಎಂಟರಲ್ಲಿದ್ದ.